ಹಿನ್ನೀರ ಬಿಡಾರಕ್ಕೆ ಬಂದ ಹೊಸ ನಾಯಿ

೧೯೯೭ರ ಏಪ್ರಿಲ್ ತಿಂಗಳು, ಮಂಗಳವಾರ, ಬೆಳಿಗ್ಗೆ ಏಳೂವರೆ. ನಾನಾಗ ಸವದತ್ತಿ ತಾಲೂಕಿನ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿ. ಬಾಗಿಲು ತೆರೆದಾಗ ಅಲ್ಲಿದ್ದವರು ಮೂವರು: ನಾನು, ಕಂಪೌಂಡರ್ ನಿಂಗಪ್ಪ, ಮತ್ತು ಮಲಪ್ರಭೆಯ ಹಿನ್ನೀರ ದಂಡೆಯಿಂದ ನಡೆದು ಬಂದಿದ್ದ ಕುರಿಗಾರ ಬೀರಪ್ಪ.

ಬೀರಪ್ಪನ ಪ್ರಕಾರ ಕೆಲಸ ಸಣ್ಣದು. ಹೊಸದಾಗಿ ತಂದ ನಾಯಿಯ ಗಂಟಲಲ್ಲಿ ಎಲುಬು ಸಿಕ್ಕಿದೆ. ನಿನ್ನೆಯಿಂದ ಬಾಯಿ ಮುಚ್ಚುತ್ತಿಲ್ಲ, ನೀರು ಇಳಿಯುತ್ತಿಲ್ಲ, ಜೊಲ್ಲು ನಿಲ್ಲುತ್ತಿಲ್ಲ. ನಾನು ಇಕ್ಕಳ ತೆಗೆದುಕೊಂಡು ಬಂದರೆ ಸಾಕು. ಬಾಯೊಳಗೆ ಯಾರಾದರೂ ಕೈ ಹಾಕಿದ್ದಿರಾ ಎಂದು ಕೇಳಿದೆ.

“ನಾನ ಹಾಕೇನ್ರಿ, ಮುಂಗೈ ಮಟಾ. ಎಲುಬು ಕೈಗೆ ಹತ್ತವಲ್ದು,” ಎಂದು ಬಲಗೈ ಚಾಚಿ ತೋರಿಸಿದ. ಕೈ ತುಂಬ ಜಾಲಿ ಮುಳ್ಳಿನ ಹಸಿ ಗೀರುಗಳು.

ರೇಬಿಸ್ ಅಂದರೆ ಹುಚ್ಚುನಾಯಿ ರೋಗ. ಕಂಡವರನ್ನೆಲ್ಲ ಕಚ್ಚುತ್ತ ಓಡುವ ನಾಯಿಯನ್ನು ಎಲ್ಲರೂ ಗುರುತಿಸುತ್ತಾರೆ. ಇದೇ ರೋಗದ ಇನ್ನೊಂದು ರೂಪದಲ್ಲಿ ನಾಯಿ ಮಂಕಾಗುತ್ತದೆ, ದವಡೆ ಜೋತು ಬೀಳುತ್ತದೆ, ಗಂಟಲು ಕೆಲಸ ನಿಲ್ಲಿಸುತ್ತದೆ. ಎಲುಬು ಸಿಕ್ಕಿದೆ ಎಂದು ಮನೆಯವರೇ ಬಾಯೊಳಗೆ ಕೈ ಹಾಕುತ್ತಾರೆ. ಜೊಲ್ಲಿನಲ್ಲಿರುವ ವೈರಸ್‌ಗೆ ಒಂದು ಗೀರು ಸಾಕು, ಹಲ್ಲು ತಾಗಬೇಕೆಂದಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಕುರಿಗಾರರು ಹಿಂಡುಗಳೊಂದಿಗೆ ಬಂದು ಬಿಡಾರ ಹೂಡುತ್ತಾರೆ. ನಾವು ತಲುಪಿದಾಗ ಆ ನಾಯಿ ಚಕ್ಕಡಿ ಗಾಡಿಯ ನೆರಳಲ್ಲಿ ಬಾಯಿ ತೆರೆದು ಕುಳಿತಿತ್ತು. ಎರಡು ಅಡಿ ದೂರದಲ್ಲೇ ನೀರಿನ ಬೋಗುಣಿ. ಬೀರಪ್ಪ ಹೆಸರು ಹಿಡಿದು ಕರೆದರೆ ಬಾಲ ಮಾತ್ರ ಅಲ್ಲಾಡಿಸಿತು. ನಾನು ಕೈಗವಸು ಹಾಕಿಕೊಂಡು ಅದನ್ನು ಅಲ್ಲೇ ಶಾಶ್ವತವಾಗಿ ಮಲಗಿಸಿದೆ. ತಲೆಯನ್ನು ಮಂಜುಗಡ್ಡೆಯಲ್ಲಿಟ್ಟು ನಿಂಗಪ್ಪನ ಕೈಯಲ್ಲಿ ಪ್ರಯೋಗಾಲಯಕ್ಕೆ ಕಳಿಸಿದೆ. ಮುಂದೆ ವರದಿ ರೇಬಿಸ್ ಎಂದೇ ಬಂತು.

ನಾಯಿಯನ್ನು ತಂದದ್ದು ಯರಗಟ್ಟಿ ಸಂತೆಯಿಂದ, ಹಿಂದಿನ ವಾರ. ಕಿವಿಯ ಮೇಲೆ ಒಣಗಿದ ಗಾಯವಿತ್ತು, ಯಾರೂ ಲೆಕ್ಕಿಸಿರಲಿಲ್ಲ. ಅದು ಇನ್ನಾರನ್ನು ಮುಟ್ಟಿದೆ ಎಂದು ವಿಚಾರಿಸಿದಾಗ ಅವರ ಒಂದು ಪದ್ಧತಿ ತಿಳಿಯಿತು. ಬಿಡಾರಕ್ಕೆ ಹೊಸ ನಾಯಿ ಬಂದರೆ ಅದನ್ನು ಪ್ರತಿ ಒಲೆಯ ಮುಂದೆ ಕರೆದೊಯ್ಯುತ್ತಾರೆ. ಆ ಮನೆಯ ಹಿರಿಯಾಕೆ ರೊಟ್ಟಿಯ ತುತ್ತನ್ನು ಕೈಯಾರೆ ಅದರ ಬಾಯೊಳಗಿಡುತ್ತಾಳೆ. ಒಲೆ ಗುರುತಾದ ನಾಯಿ ಆ ಮನೆಯವರನ್ನು ಬೊಗಳುವುದಿಲ್ಲ, ಅವರ ಕುರಿಯನ್ನೂ ಕಾಯುತ್ತದೆ ಎಂಬ ನಂಬಿಕೆ. ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಹಾಗಾಗಿ ಬೀರಪ್ಪನ ಜತೆಗೆ ಈ ನಾಯಿಗೆ ತುತ್ತಿಟ್ಟಿದ್ದ ನಾಲ್ವರು ಹೆಂಗಸರು ಅಪಾಯದಲ್ಲಿದ್ದರು. ಮೂವರು ಅಲ್ಲಿಯೇ ಇದ್ದರು. ನಾಲ್ಕನೆಯಾಕೆ, ಲಗಮವ್ವ ಎಂಬ ವಿಧವೆ, ಸೊಸೆಯೊಂದಿಗೆ ಹಿಂಡು ಹೊಡೆದುಕೊಂಡು ನಸುಕಿನಲ್ಲೇ ರಾಮದುರ್ಗದ ಕಡೆ ಹೋಗಿದ್ದಳು.

ಮೂವರಿಗೂ ಬೀರಪ್ಪನಿಗೂ ಸೋಪು ಹಚ್ಚಿ ಕೈ ತೊಳೆಸಿ, ಅವರನ್ನು ಟೆಂಪೊ ಹತ್ತಿಸಿ, ತಾಲೂಕು ಆಸ್ಪತ್ರೆಗೆ ಹೋಗಲು ಹೇಳಿ, ನಾನು ಮೋಟರ್ ಸೈಕಲ್ ಮೇಲೆ ಲಗಮವ್ವನ ಬೆನ್ನು ಹತ್ತಿದೆ. ಕುರಿ ಹಿಕ್ಕೆ ನೋಡುತ್ತ, ದಾರಿಹೋಕರನ್ನು ಕೇಳುತ್ತ ಮನೋಳಿ ದಾಟಿದೆ. ಮಧ್ಯಾಹ್ನ ಒಂದು ಹೊಲದಲ್ಲಿ ಸಿಕ್ಕಳು. ಗೊಬ್ಬರಕ್ಕಾಗಿ ರೈತರು ರಾತ್ರಿ ಹೊಲದಲ್ಲಿ ಕುರಿ ತರುಬಿಸುವುದು, ಅಂದರೆ ಹಿಂಡು ನಿಲ್ಲಿಸಿಕೊಳ್ಳುವುದು, ರೂಢಿ. ಆ ರೈತನೊಂದಿಗೆ ಆಕೆ ಮಾತು ಮುಗಿಸುತ್ತಿದ್ದಳು.

ನಾನು ಬಂದ ಕಾರಣ ಕೇಳಿ ನಕ್ಕಳು. “ನೀವು ದನದ ಡಾಕ್ಟರ್ ಅದೀರಿ ಸಾಹೇಬ್ರ. ನನ್ನ ಎತ್ತಿನ ಸಾಲಿಗೆ ಹಚ್ಚತೀರೋ, ಎಮ್ಮಿ ಸಾಲಿಗೋ?”

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಲಗಮವ್ವನ ಕೈ ನೋಡಿದೆ. ಬೆರಳ ಸಂದಿಯೆಲ್ಲ ಒಡೆದು ರಕ್ತ ಹೆಪ್ಪುಗಟ್ಟಿತ್ತು.

“ಈ ರೋಗ ಒಮ್ಮೆ ಕಾಣಿಸ್ಕೊಂಡ್ರ ಔಷಧ ಇಲ್ಲವ್ವ,” ಎಂದೆ. “ನೀರಡಿಸಿರತೈತಿ, ನೀರು ಕಂಡ್ರ ಗಂಟಲ ಹಿಡೀತೈತಿ. ಸಾಯೂತನಕ ಮಂದಿ ಗುರುತು ಇರತೈತಿ.”

ಆಕೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಇಂಜೆಕ್ಷನ್ ಎಷ್ಟೆಂದು ಕೇಳಿದಳು. ಆಗ ಸರಕಾರಿ ಆಸ್ಪತ್ರೆಗಳಲ್ಲಿದ್ದದ್ದು ಹೊಟ್ಟೆಗೆ ಚುಚ್ಚುವ ಹಳೆಯ ಲಸಿಕೆ, ದಿನಕ್ಕೊಂದರಂತೆ ಹದಿನಾಲ್ಕು.

“ಹದಿನಾಕು ದಿನ ಒಂದ ಕಡೆ ಕುಂತ್ರ, ಕುರಿ ನನ್ನ ಮಾರಿ ನೋಡಿ ಹೊಟ್ಟಿ ತುಂಬಿಸ್ಕೊತಾವೇನ್ರಿ?”

ಇದು ಹಟವಲ್ಲ, ನಿಜವಾದ ಅಡಚಣೆ. ಹಾಗಾಗಿ ನಾನು ಮಾತನ್ನು ರೈತನ ಕಡೆ ತಿರುಗಿಸಿದೆ. ಅವನು ಅಕ್ಕಪಕ್ಕದ ಹೊಲದವರನ್ನು ಕರೆದ. ಹಿಂಡನ್ನು ಸರದಿಯಂತೆ ತಮ್ಮ ತಮ್ಮ ಹೊಲಗಳಲ್ಲಿ ತರುಬಿಸಿಕೊಂಡು, ಹಗಲು ಕಾಲುವೆ ಬದಿ ಮೇಯಲು ಬಿಡುವುದಾಗಿ ಒಪ್ಪಿದರು. ಸೊಸೆ ಕೋಲು ಕೈಗೆ ತೆಗೆದುಕೊಂಡಳು. “ಹೋಗ್ರಿ ಅತ್ತಿ. ಇಷ್ಟು ದಿನ ನೀವು ಬೈಯೂದು ಕೇಳೇನಿ, ಇನ್ನ ಕುರಿಗೆ ನಾ ಬೈತೇನಿ.”

ಲಗಮವ್ವ ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಬಂದಳು. ಆಸ್ಪತ್ರೆಯಲ್ಲಿ ಮೂವರು ಹೆಂಗಸರಿಗೂ ಮೊದಲ ಇಂಜೆಕ್ಷನ್ ಆಗಿತ್ತು. ಬೀರಪ್ಪನಿರಲಿಲ್ಲ. ಬಿಡಾರದಲ್ಲಿ ಕುರಿಗೆ ಯಾರೂ ಇಲ್ಲವೆಂದು ಅರ್ಧ ದಾರಿಯಲ್ಲೇ ಇಳಿದುಬಿಟ್ಟಿದ್ದನಂತೆ.

ನಾಲ್ವರು ಹೆಂಗಸರೂ ಹದಿನಾಲ್ಕೂ ಇಂಜೆಕ್ಷನ್ ಮುಗಿಸಿದರು, ಉಳಿದರು. ಬೀರಪ್ಪ ಮರುದಿನದಿಂದ ಬಂದು ಆರು ಹಾಕಿಸಿಕೊಂಡ. ಹೊಟ್ಟೆ ಬಾತುಕೊಂಡಿತು, ದಂಡೆಯ ಹುಲ್ಲೂ ತೀರಿತು. ಹೇಳದೆ ಹಿಂಡು ಹೊಡೆದುಕೊಂಡು ಬೈಲಹೊಂಗಲದ ಕಡೆ ಹೋದ. ನಾನು ಹುಡುಕಿಸಿದೆ, ಸಿಗಲಿಲ್ಲ. ಮುಂಗಾರು ಹಿಡಿದ ಮೇಲೆ ಅವನ ತಮ್ಮ ಬಂದು ಸುದ್ದಿ ಹೇಳಿದ. ಕೊನೆಯ ದಿನ ಅಣ್ಣ ಮಳೆಯ ಸಪ್ಪಳಕ್ಕೂ ಬೆಚ್ಚುತ್ತಿದ್ದನಂತೆ.

ನಾಯಿ ತರುವವರಿಗೆ ಅಂದಿನಿಂದ ನಾನು ಹೇಳುತ್ತ ಬಂದದ್ದು ಇಷ್ಟೇ: ಹತ್ತು ಜನ ಬಿಡಾರ ಹೂಡಿರುವ ನೀರಿನ ದಂಡೆಗೆ ನಾಯಿಯನ್ನು ಒಯ್ಯುವ ಮುಂಚೆಯೇ ಲಸಿಕೆ ಆಗಿರಬೇಕು. ಹೊಸದಾದರೆ ಬೇರೆ ಕಟ್ಟಿ ಕಾಯಬೇಕು, ಕೈತುತ್ತು ಬೇಡ. ಕಚ್ಚುವ ನಾಯಿಗೆ ಜನ ಹೇಗೂ ಅಂಜುತ್ತಾರೆ. ಈ ಕೆಲಸ ನನಗೆ ಅಂಜಲು ಕಲಿಸಿದ್ದು, ಬಾಲ ಅಲ್ಲಾಡಿಸುತ್ತ ಬಾಯಿ ತೆರೆದು ಕೂರುವ ನಾಯಿಗೆ.

ಆ ಮಂಗಳವಾರ ಸಂಜೆ ನಾನು ಐಸ್ ಡಬ್ಬಿಯಲ್ಲಿ ನಾಯಿಗಳ ಲಸಿಕೆ ಇಟ್ಟುಕೊಂಡು ಮತ್ತೆ ಬಿಡಾರಕ್ಕೆ ಹೋದೆ. ಬಿಡಾರದ ಹಳೆಯ ನಾಯಿಗಳಲ್ಲಿ ಕಚ್ಚಿದ ಗಾಯವಿದ್ದ ಎರಡನ್ನು ಮಲಗಿಸಬೇಕಾಯಿತು. ಉಳಿದವು ಅಪರಿಚಿತನಾದ ನನ್ನನ್ನು ಹತ್ತಿರ ಬಿಡಲಿಲ್ಲ. ಬೀರಪ್ಪನೇ ಒಂದೊಂದನ್ನೇ ಹಿಡಿದುಕೊಟ್ಟ. ಈಗಲೇ ಆಸ್ಪತ್ರೆಗೆ ನಡೆ ಎಂದೆ.

“ಮೊದಲ ಇವಕ್ಕ ಹಾಕ್ರಿ ಸಾಹೇಬ್ರ,” ಎಂದ. “ನಾ ಎಲ್ಲಿ ಓಡಿ ಹೋಗತೇನಿ?”

ಕೊನೆಯ ನಾಯಿಯ ಕತ್ತನ್ನು ಅವನು ಅದೇ ಬಲಗೈಯಿಂದ ಬಳಸಿ ಹಿಡಿದ. ನಾನು ಲಸಿಕೆ ಹಾಕಿ ಸೂಜಿ ಮುರಿದು ಡಬ್ಬಿಗೆ ಹಾಕಿದೆ.