ಗೋಡೆಗೆ ಮುಖ ಮಾಡಿದ ಕುರ್ಚಿ

ಸೊಲ್ಲಾಪುರ ರಸ್ತೆಯ ಒಂದು ಮಹಡಿ ಕೋಣೆಯಲ್ಲಿ ಮಕ್ಕಳ ಬುದ್ಧಿಮಟ್ಟ ಅಳೆಯುತ್ತಿದ್ದ ಆ ಮೇಡಂ, ಜೊತೆಗೆ ಬಂದ ತಾಯಂದಿರನ್ನು ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದರು. "ಉತ್ತರ ನಿಮ್ಮ ಮಾರಿ ಮ್ಯಾಲ ಬರತೈತ್ರಿ, ಕೂಸು ಅದನ್ನ ಓದತೈತಿ," ಎಂದು ನನ್ನ ಕುರ್ಚಿಯನ್ನೂ ತಿರುಗಿಸಿದರು.

ಎರಡನೆಯ ತರಗತಿಯ ನನ್ನ ಮಗಳು ಎಲ್ಲದಕ್ಕೂ ನಿಧಾನ, ಪರೀಕ್ಷೆ ಮಾಡಿಸಿ ಎಂದು ಶಾಲೆಯವರು ಹೇಳಿದ್ದರು. ತಿಕೋಟಾದಿಂದ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಂದ ಮಗ್ಗಿ ಹೇಳಿಸಿದ್ದೆ.

ಮೇಡಂ ಮಾತಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಒಂದೇ ದನಿಯಲ್ಲಿ "ಹಾಂ, ಮುಂದ" ಎನ್ನುತ್ತಿದ್ದರು. ಅವರ ಚಡಪಡಿಕೆಯೆಲ್ಲ ಕಾಲಿಗೆ ಇಳಿದಿತ್ತು. ಮೇಜಿನ ಕೆಳಗೆ ಅವರ ಚಪ್ಪಲಿ ನೆಲಕ್ಕೆ ಟಪಟಪ ಬಡಿಯುವ ಸದ್ದು ಕೇಳುತ್ತಲೇ ಇತ್ತು. ನಮ್ಮ ಮನೆಯಲ್ಲಾಗಿದ್ದರೆ ಅತ್ತೆ ಗದರುತ್ತಿದ್ದರು.

ಮಗಳಿಗೆ ಕೆಂಪು ಬಿಳಿ ಕಟ್ಟಿಗೆಯ ತುಂಡುಗಳನ್ನು ಕೊಟ್ಟು, ಚಿತ್ರದಲ್ಲಿದ್ದಂತೆ ಜೋಡಿಸಲು ಹೇಳಿದರು. ಸ್ವಲ್ಪ ಹೊತ್ತಿಗೆ, ಸಮಯ ಅಳೆಯುವ ಗಡಿಯಾರದ ಗುಂಡಿ ಒತ್ತಿದ ಸದ್ದು ಕೇಳಿತು. ಆದರೆ "ಹಾಂ, ಮುಂದ" ಬರಲಿಲ್ಲ. ಚಪ್ಪಲಿಯೂ ನಿಂತಿತು. ತಡೆಯಲಾಗದೆ ತಿರುಗಿ ನೋಡಿದೆ. ನಿಲ್ಲಿಸಿದ ಗಡಿಯಾರವನ್ನು ಕೈಯಲ್ಲಿ ಹಿಡಿದು, ಮೇಡಂ ಮುಂದಕ್ಕೆ ಬಾಗಿ ಕೂತಿದ್ದರು. ಮಗಳು ಕೊನೆಯ ತುಂಡನ್ನು ತಿರುಗಿಸಿ, ಮತ್ತೆ ತಿರುಗಿಸಿ, ಸರಿಯಾಗಿ ಕೂರಿಸಿದಳು.

"ಟೈಮ್ ಮುಗದ ಮ್ಯಾಲ ಮಾಡ್ಯಾಳ್ರಿ. ಮಾರ್ಕ್ಸ್ ಕೊಡಾಕ ಬರಂಗಿಲ್ಲ," ಎಂದರು ಮೇಡಂ.

"ಮತ್ತ ಆಕಿನ್ನ ನಡುವ ಯಾಕ ನಿಲ್ಲಿಸಲಿಲ್ರಿ?" ಎಂದು ಕೇಳಿದೆ.

"ಆಕಿ ಇನ್ನೂ ಮಾಡಾಕತ್ತಿದ್ಲಲ್ರಿ."

ನನ್ನನ್ನು ಮತ್ತೆ ಗೋಡೆಯತ್ತ ತಿರುಗಿಸಿ, ಅದೇ ದನಿಯಲ್ಲಿ "ಹಾಂ, ಮುಂದ" ಎಂದರು. ಟಪಟಪ ಮತ್ತೆ ಶುರುವಾಯಿತು. ಕೆಳಗೆ ನೋಡಿದರೆ, ಈ ಸಲ ಬಡಿಯುತ್ತಿದ್ದುದು ನನ್ನ ಚಪ್ಪಲಿ.