ನಿನ್ನ ಗಲ್ಲಿಯಲ್ಲಿ ಇಳಿಯದೆ ಹೋದೆ

ಅಕ್ಕಾ, ನನ್ನ ಮಗಳ ಮದುವೆಯ ಜವಳಿಯನ್ನು ನಾವು ಆಳಂದದಲ್ಲಿ ಕೊಳ್ಳಲಿಲ್ಲ. ಹೈದರಾಬಾದಿಗೇ ಬಂದಿದ್ದೆವು. ನಿನ್ನ ಊರಿಗೆ ಬಂದು, ನಿನ್ನ ಮನೆಗೆ ಬಾರದೆ, ಆಬಿಡ್ಸಿನ ಹೋಟೆಲಿನಲ್ಲಿ ಇಳಿದೆವು. ಅದು ನಾನು ಬೇಕೆಂದೇ ಮಾಡಿದ್ದು.

ಯಾವ ಭಾಗದಲ್ಲಿ ಇಳಿಯೋಣ ಎಂದು ಯಡ್ರಾಮಿಯ ಬೀಗರು ಕೇಳಿದ್ದು ನನ್ನನ್ನೇ. ಹೈದರಾಬಾದು ಗೊತ್ತಿದ್ದವಳು ನಾನೊಬ್ಬಳೇ—ಗೊತ್ತಾದದ್ದೂ ನಿನ್ನಿಂದಲೇ. ಮಲಕಪೇಟೆಯಲ್ಲಿ ನಮ್ಮಕ್ಕ ಇದ್ದಾಳೆ ಎಂಬ ಮಾತು ತುಟಿಯವರೆಗೆ ಬಂತು. ಆಮೇಲೆ ನಿನ್ನ ಒಂದೇ ಕೋಣೆ, ಇಡೀ ಗಲ್ಲಿಗೆ ಸೇರಿದ ಆ ಪಾಯಖಾನೆ, ಬಾಗಿಲಲ್ಲೇ ಒಲೆ ಹೂಡಿ ನೀನು ಮಾರಲು ಬಡಿಯುವ ಜೋಳದ ರೊಟ್ಟಿ... ದೊಡ್ಡ ವಾಡೆಯ ಬೀಗಿತಿ ಅಲ್ಲಿ ಕಾಲಿಟ್ಟರೆ ಮಗಳ ಮಾನ ಏನಾದೀತು ಎಂದುಕೊಂಡೆ. ಮಗಳದ್ದಲ್ಲ, ನನ್ನದು. ಅಂಗಡಿಗಳಿಗೆ ಹತ್ತಿರ ಎಂದು ಆಬಿಡ್ಸ್ ಹೇಳಿದೆ.

ಮರುದಿನ ಬೀಗಿತಿಗೆ ದಿಲ್‌ಸುಖ್‌ನಗರದ ಅಂಗಡಿಗಳನ್ನೂ ನೋಡುವ ಆಸೆ. ಹೋಗುವಾಗ ನಮ್ಮ ಆಟೋ ನಿನ್ನ ಗಲ್ಲಿಯ ಬಾಯಲ್ಲೇ ಗಾಡಿಗಳ ನಡುವೆ ಸಿಕ್ಕಿಕೊಂಡಿತು. ಅಲ್ಲೇ ನೀನು ಕಾಣಿಸಿದೆ. ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿಕೊಂಡೆ—ನನ್ನ ಚೀಲದಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು.

“ಜವಳಿಗಿ ಯಾವಾಗ ಬರ್ತೀರಬೇ? ಮೊದಲ ಸೀರಿಗಿ ಕುಂಕುಮ ನಾನೇ ಹಚ್ಚಬೇಕು. ಇಳಿಯೂದು ನಮ್ಮನ್ಯಾಗೇ ಮತ್ತ.”

ನಮ್ಮಲ್ಲಿ ಆ ಕುಂಕುಮ ತವರಿನ ಹಿರಿಯಳು ಹಚ್ಚಬೇಕಾದದ್ದು. ಅವ್ವ ಹೋದ ಮೇಲೆ ನಮಗೆ ಹಿರಿಯಳು ನೀನೇ. ಹಿಂದಿನ ದಿನವೇ ಕೊಂಡ ಆ ಸೀರೆ, ರವಿಕೆಯ ಬಣ್ಣ ಹೊಂದಿಸಲೆಂದು ತಂದದ್ದು, ನನ್ನ ತೊಡೆಯ ಮೇಲಿತ್ತು—ಬೀಗಿತಿ ಕುಂಕುಮ ಹಚ್ಚಿಯಾಗಿತ್ತು.

“ಈ ಸಲ ಬರಾಂಗಿಲ್ಲಕ್ಕಾ. ಆಳಂದದಾಗೇ ತಗೋತೀವಿ,” ಎಂದೆ, ನಿನ್ನನ್ನು ನೋಡುತ್ತಲೇ.

ಅಷ್ಟರಲ್ಲಿ ಹಿಂದಿದ್ದ ಬಸ್ಸು ಉದ್ದಕ್ಕೆ ಹಾರನ್ ಹಾಕಿತು. ಅದು ಫೋನಿನಿಂದಲೂ ರಸ್ತೆಯಿಂದಲೂ ನಿನ್ನ ಕಿವಿಗೆ ಬಿದ್ದಿರಬೇಕು, ತಲೆ ಎತ್ತಿದೆ. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. “ಆಯ್ತು ಬಿಡವ್ವ,” ಎಂದು ನೀನು ಫೋನ್ ಇಟ್ಟೆ.

ನಿನಗೆ ಕಂಡಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮದುವೆಗೆ ವಾರ ಮೊದಲೇ ಬಂದು ನನ್ನ ಅಡುಗೆಮನೆಯನ್ನು ಕೈಗೆ ತೆಗೆದುಕೊಳ್ಳಬೇಕಾದವಳು ನೀನು, ಅಕ್ಷತೆಯ ಹೊತ್ತಿಗೆ ಬಂದೆ. ಚೀಲವೆಲ್ಲಿ ಎಂದು ನಾನು ಕೇಳಿದೆ.

“ಬಸ್‌ಸ್ಟ್ಯಾಂಡ್ ಕಡಿ ಲಾಡ್ಜಿನ್ಯಾಗ ಇಳದೇನಿ. ನಿಮಗ್ಯಾಕ ತ್ರಾಸು.”

ಸಿಟ್ಟಿನಿಂದ ಹೇಳಲಿಲ್ಲ ನೀನು. ಸಿಟ್ಟು ಮಾಡಿದ್ದರೆ ಅಲ್ಲೇ ಕಾಲು ಹಿಡಿಯುತ್ತಿದ್ದೆನೋ ಏನೋ—

ಈಗಲೂ ಫೋನ್ ಮಾಡುತ್ತೀ. ಮಳೆ, ತೊಗರಿ, ಮಗಳು, ಅಳಿಯ, ಎಲ್ಲ ಕೇಳುತ್ತೀ. ಬಾ ಎನ್ನುವುದಿಲ್ಲ. ಆ ಒಂದು ಮಾತಿಗಾಗಿ ನಾನು ಎಷ್ಟು ಹಂಬಲಿಸುತ್ತೇನೆ... ತವರು ಮಣ್ಣೂರಿನಲ್ಲಿ ಒಂದೇ ಕೌದಿಯೊಳಗೆ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಿದ್ದೆವಲ್ಲ, ನಿನ್ನ ಕೋಣೆಯ ನೆಲದ ಮೇಲೆ ಹಾಗೆ ಮಲಗಬೇಕು ಅನ್ನಿಸುತ್ತದೆ. ನೀನು ಕರೆಯುತ್ತಿದ್ದಾಗ ಅನ್ನಿಸಲಿಲ್ಲ.

ಸೋಮವಾರದ ಹೈದರಾಬಾದ್ ಬಸ್ಸಿಗೆ ಹೊರಟಿದ್ದೇನೆ. ಎಲ್ಲಿ ಇಳಿಯುತ್ತೇನೆಂದು ಬೀಗಿತಿಗೂ ಹೇಳಿದ್ದೇನೆ. ನಿನಗೆ ಮಾತ್ರ ಫೋನ್ ಮಾಡಿಲ್ಲ. ಬೇಡ ಅನ್ನುವುದಿದ್ದರೆ, ಅದನ್ನು ನಿನ್ನ ಬಾಗಿಲಲ್ಲಿ ನಿಂತೇ ಕೇಳುತ್ತೇನೆ.