ಮರಳುಗುಂಡಿಯ ಹೊದಿಕೆ

ಮೊಮ್ಮಗಳು ಜ್ವರ ಬಂದು ಹೊಟ್ಟೆ ಹಿಡಿದುಕೊಂಡು ಅತ್ತಾಗ ಓಣಿಯವರೆಲ್ಲ ಅಜ್ಜಿ ಟೈಲರಮ್ಮನ ಮೇಲೇ ತಪ್ಪು ಹೊರಿಸಿದರು. ಸಿಹಿ ತಿನ್ನಿಸಿ ತಿನ್ನಿಸಿ ಮಗುವಿನ ಹೊಟ್ಟೆಯಲ್ಲಿ ಹುಳು ಮಾಡಿಟ್ಟಿದ್ದಾಳೆ ಎಂದರು. ಅವಳೂ ನಂಬಿ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿದಳು.

ರಕ್ತಪರೀಕ್ಷೆ ಆದಮೇಲೆ ಡಾಕ್ಟರು ಬೇರೆಯೇ ಹೇಳಿದರು. ನಾಯಿಯ ಕರುಳಿನ ಹುಳುವಿನ ಮೊಟ್ಟೆ ಹೇಲಿನ ಜೊತೆ ಹೊರಬಂದು ಮರಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದಂತೆ. ಆಡಿದ ಕೈ ಬಾಯಿಗೆ ಹೋದರೆ ಸಾಕಂತೆ. ಔಷಧಿಗೆ ಮಗು ಚೇತರಿಸಿಕೊಂಡಿತು. ಆದರೆ ಹುಳು ಕಣ್ಣಿಗೆ ಹೋಗಿದ್ದರೆ ಕಷ್ಟವಿತ್ತು ಎಂದ ಮಾತು ಟೈಲರಮ್ಮನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿಯಿತು.

ಪಾರ್ಕಿನ ಸಂಘದ ಅಧ್ಯಕ್ಷರ ನಾಯಿ ದಿನಾ ಬೆಳಿಗ್ಗೆ ಮಕ್ಕಳಾಡುವ ಮರಳುಗುಂಡಿಯಲ್ಲೇ ಹೇಲಲು ಕೂರುತ್ತಿತ್ತು. ಅಷ್ಟು ಹೊತ್ತೂ ಅಧ್ಯಕ್ಷರು ಆಕಾಶ ನೋಡುತ್ತಿದ್ದರು. ಟೈಲರಮ್ಮ ಹೋಗಿ ದೂರಿದ್ದಕ್ಕೆ ಅವರು ಸಭೆ ಸೇರಿಸಿ, ಗುಂಡಿಗೆ ಸಿಮೆಂಟು ಹಾಕಿಸುವುದೆಂದು ತೀರ್ಮಾನಿಸಿದರು.

"ನಾಯಿಗೆ ಇಡೀ ಪಾರ್ಕು, ಮಕ್ಕಳಿಗೆ ಸಿಮೆಂಟು. ಚೆನ್ನಾಗಿದೆ ಸಾರ್ ನ್ಯಾಯ."

"ನೀನು ನಿನ್ನ ಹೊಲಿಗೆ ನೋಡ್ಕೊಳ್ಳಮ್ಮ."

"ಅದನ್ನೇ ನೋಡ್ಕೋತೀನಿ."

ಮುರಿದ ಛತ್ರಿಗಳ ಬಟ್ಟೆ, ಹರಿದ ರೇನ್‌ಕೋಟು, ಹಳೇ ಚೀಲಗಳ ರೆಕ್ಸಿನ್, ಎಲ್ಲ ಬೇಡಿ ತಂದು ಗುಂಡಿ ಮುಚ್ಚುವಷ್ಟು ದೊಡ್ಡ ಹೊದಿಕೆ ಜೋಡಿಸತೊಡಗಿದಳು. ಮಕ್ಕಳ ತಾಯಂದಿರು ಸೇರಿ ಹಳೇ ಮರಳು ತೆಗೆಸಿ ಹೊಸದು ಹಾಕಿಸಿದರು. ಮರುದಿನ ಗಾರೆಯವನು ಸಿಮೆಂಟು ಚೀಲ ಇಳಿಸುವ ಹೊತ್ತಿಗೆ ಟೈಲರಮ್ಮ ಕೈಮಷೀನು ಇಟ್ಟುಕೊಂಡು ಗುಂಡಿಯ ಅಂಚಿನಲ್ಲಿ ಕೂತಿದ್ದಳು. ತಾಯಂದಿರು ಸುತ್ತ ನಿಂತಿದ್ದರು.

"ಏಳಮ್ಮ, ಕೆಲಸ ಮಾಡ್ಬೇಕು."

"ನಾನೂ ಕೆಲಸಾನೇ ಮಾಡ್ತಿದೀನಿ ಕಣಪ್ಪ. ಇದೊಂದು ಅಂಚು ಬಾಕಿ."

ಅವನು ಕಾದ. ಹೊಲಿಗೆ ಮುಗಿದಾಗ ಅವಳು ಚಾಚಿದ ತುದಿಯನ್ನು ಯೋಚಿಸದೆ ಹಿಡಿದುಕೊಂಡ. ಬಣ್ಣಬಣ್ಣದ ಆ ಹೊದಿಕೆ ಗುಂಡಿಯ ಮೇಲೆ ಬಿಗಿಯಾಗಿ ಹರಡಿಕೊಂಡಿತು. ಅವನೊಮ್ಮೆ ಅದನ್ನು ನೋಡಿದ, ಒಮ್ಮೆ ಹೆಂಗಸರನ್ನು ನೋಡಿದ. ಸಿಮೆಂಟು ಚೀಲಗಳನ್ನು ವಾಪಸ್ಸು ಗಾಡಿಗೇರಿಸಿದ.

ಮರುಬೆಳಿಗ್ಗೆ ಹೊದಿಕೆಯ ನಟ್ಟನಡುವೆ ಹೇಲಿನ ಗುಡ್ಡೆ ಬಿದ್ದಿತ್ತು. ಅಧ್ಯಕ್ಷರು ನಾಯಿಯೊಂದಿಗೆ ಆಗಷ್ಟೇ ಗೇಟು ದಾಟಿದ್ದರು. ಟೈಲರಮ್ಮ ಅದನ್ನು ಕಾಗದದಲ್ಲಿ ಎತ್ತಿ ಪೊಟ್ಟಣ ಕಟ್ಟಿ, ಅವರ ಹಿಂದೆಯೇ ಮನೆಬಾಗಿಲಿಗೆ ಹೋದಳು. ನಾಯಿ ಬಾಲ ಅಲ್ಲಾಡಿಸಿತು. ಅದರ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ.

"ಸಾರ್, ಪಾರ್ಕಲ್ಲಿ ಮರೆತು ಬಂದಿದ್ರಿ," ಎಂದು ಪೊಟ್ಟಣ ಚಾಚಿದಳು. "ನಾಳೆ ಮರೆತ್ರೆ ನಾಳೆನೂ ತಂದ್ಕೊಡ್ತೀನಿ. ನಾಯಿಗೆ ಹುಳದ ಔಷಧಿ ಮಾತ್ರ ನೀವೇ ಹಾಕಿಸ್ಬೇಕು."

ಅಧ್ಯಕ್ಷರು ಕೈಚಾಚುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ. ಆಮೇಲೆ ನಲ್ಲಿಯಲ್ಲಿ ಸೋಪು ಹಚ್ಚಿ ಕೈ ತೊಳೆದುಕೊಂಡು ಹೊದಿಕೆ ತೊಳೆದು ಸುತ್ತಿಡಲು ಹೊರಟಳು. ಗುಂಡಿಯ ಹತ್ತಿರ ಮೊಮ್ಮಗಳು ಬಕೆಟ್ಟು ಹಿಡಿದು ಕಾಯುತ್ತಿದ್ದಳು.